ಕೈಜಾರಿದ ಬ್ರಾಕೆಟ್

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಆಕೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ಪೀಣ್ಯದಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಇಂಟರ್ನ್‌ಶಿಪ್. ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ‘ಈ ಕ್ಷೇತ್ರ ನನಗೆ ಆಗಿಬರುವುದಿಲ್ಲ’ ಎಂದು ಆಪ್ತಸಲಹೆಗೆ ನನ್ನ ಬಳಿ ಬಂದಿದ್ದಳು. ಎಲ್ಲ ಕೆಲಸದ ಒತ್ತಡ ಎಂಬುದು ತಾಯಿಯ ತೀರ್ಮಾನ.

ಅಲ್ಲಿ ದಿನವಿಡೀ ಏನು ಮಾಡುತ್ತೀಯ ಎಂದು ಕೇಳಿದೆ. ರಂಧ್ರಗಳ ಅಳತೆಯನ್ನು ಎರಡು ತುದಿಯ ಸಲಕರಣೆಯಾದ ಪ್ಲಗ್ ಗೇಜ್‌ನಿಂದ ಪರೀಕ್ಷಿಸುವುದು ಹೇಗೆಂದು ಕೈಯಾಡಿಸುತ್ತಾ ವಿವರಿಸಿದಳು: ‘ಗೋ’ ತುದಿ ಒಳಗೆ ಹೋಗಬೇಕು, ‘ನೋ ಗೋ’ ತುದಿ ಹೋಗಬಾರದು. ಕ್ಷೇತ್ರ ಒಗ್ಗದವರ ಮಾತಿನಲ್ಲಿ ಇಷ್ಟು ಉತ್ಸಾಹ ಇರುವುದಿಲ್ಲ. ಭಾಗಗಳನ್ನು ಜೋಡಿಸಿ ಹಿಡಿದಿಡುವ ಅಲ್ಯೂಮಿನಿಯಂ ಬ್ರಾಕೆಟ್‌ಗಳ ವಿಷಯ ಬಂದಾಗ ಮಾತು ನಿಂತಿತು.

‘ಒಂದು ಕೈಜಾರಿ ನೆಲಕ್ಕೆ ಬಿತ್ತು. ಗೀರು ಕಾಣಲಿಲ್ಲ. ಒರೆಸಿ ಟ್ರೇಯಲ್ಲಿಟ್ಟೆ, ಯಾರೂ ನೋಡಲಿಲ್ಲ.’ ತುಸು ತಡೆದು, ‘ಅದು ವಿಮಾನಕ್ಕೇ ಹೋಗುತ್ತದಲ್ಲ ಮೇಡಂ?’ ಎಂದಳು.

ಹೀಗೇ ಮಾಡು ಎಂದು ಆಪ್ತಸಲಹೆಗಾರರು ಅಪ್ಪಣೆ ಕೊಡಬಾರದು ಎಂಬುದು ನಮ್ಮ ವೃತ್ತಿಯ ನಿಯಮ. ನಾನು ಕೊಟ್ಟೆ. ನಾಳೆ ಬೆಳಿಗ್ಗೆಯೇ ಗುಣಮಟ್ಟ ವಿಭಾಗಕ್ಕೆ ಹೋಗಿ ಹೇಳು, ಭಾಗದ ಸಂಖ್ಯೆ, ಬ್ಯಾಚ್, ದಿನಾಂಕ ಬರೆದುಕೊಡು ಎಂದೆ. ಇದನ್ನು ಒಪ್ಪದ ಸಹೋದ್ಯೋಗಿಗಳಿದ್ದಾರೆ. ಮೊದಲು ಆತಂಕ ಇಳಿಸಬೇಕಿತ್ತು ಎನ್ನುತ್ತಾರೆ. ಕಣ್ಣಿಗೆ ಕಾಣದ ಪೆಟ್ಟಿನಿಂದಲೂ ಲೋಹದಲ್ಲಿ ಬಿರುಕು ಶುರುವಾಗಬಹುದು ಎಂದು ಓದಿದ ಹುಡುಗಿಗೆ ನಿದ್ದೆ ಬರದಿರುವುದು ಕಾಯಿಲೆಯಲ್ಲ. ಉಸಿರಾಟದ ವ್ಯಾಯಾಮ ಕಲಿಸಿ ಆ ಭಯವನ್ನು ಮಲಗಿಸಲು ನನಗೆ ಮನಸ್ಸಾಗಲಿಲ್ಲ. ವಿಮಾನಯಾನದಲ್ಲಿ ತಪ್ಪು ಹೇಳಿಕೊಳ್ಳುವುದಕ್ಕೇ ವ್ಯವಸ್ಥೆಗಳಿವೆ ಎಂದೂ ತಿಳಿಸಿದೆ; ಪೈಲಟ್‌ಗಳು, ತಂತ್ರಜ್ಞರು ಗೋಪ್ಯವಾಗಿ ವರದಿ ಮಾಡುವ ಏರ್ಪಾಟನ್ನು ಅಮೆರಿಕದಲ್ಲಿ ನಾಸಾ 1976ರಿಂದಲೇ ನಡೆಸುತ್ತಿದೆ.

ಬ್ಯಾಚ್ ಇನ್ನೂ ಹೊರಗೆ ಹೋಗಿರಲಿಲ್ಲ. ಇಡೀ ಟ್ರೇಯನ್ನು ತಡೆಹಿಡಿದು ಮರುಪರೀಕ್ಷೆಗೆ ಕಳಿಸಿದರಂತೆ. ತಡವಾಗಿ ಹೇಳಿದ್ದಕ್ಕೆ ಮೇಲ್ವಿಚಾರಕರಿಂದ ಚೆನ್ನಾಗಿಯೇ ಬೈಸಿಕೊಂಡಳು, ಇಂಟರ್ನ್‌ಶಿಪ್ ಮುಂದುವರಿಯಿತು. ತಾಯಿ ಮಾತ್ರ ಫೋನ್ ಮಾಡಿ, ‘ಸುಮ್ಮನಿದ್ದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಸರ್ಟಿಫಿಕೇಟ್ ಕೊಡದಿದ್ದರೆ ನೀವು ಕೊಡಿಸುತ್ತಿದ್ದಿರಾ?’ ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡರು.

ಯಂತ್ರ, ಊರು ಬೇರೆಯಾದರೂ ಇದೇ ಕಥೆ ಹೊತ್ತು ಬರುವ ವಿದ್ಯಾರ್ಥಿಗಳು ಹೆಚ್ಚುತ್ತಿದ್ದಾರೆ. ಅವರನ್ನು ದೂರುವ ಮುನ್ನ ನಮ್ಮ ಕಾಲೇಜುಗಳ ಲ್ಯಾಬ್ ರೆಕಾರ್ಡ್‌ಗಳನ್ನು ತೆರೆದು ನೋಡಬೇಕು. ಗ್ರಾಫ್ ನೇರ ಬರಲೆಂದು ರೀಡಿಂಗ್ ತಿದ್ದಿದವನಿಗೆ ಪೂರ್ಣ ಅಂಕ. ಬಂದದ್ದನ್ನು ಬಂದಂತೆ ಬರೆದವನಿಗೆ ‘ಮತ್ತೆ ಬರೆದು ತಾ’. ಉಪನ್ಯಾಸಕರೇ, ಈ ಸೆಮಿಸ್ಟರ್‌ನಲ್ಲಿ ಒಂದು ಸೊಟ್ಟ ಗ್ರಾಫ್‌ಗೆ ಪೂರ್ಣ ಅಂಕ ಕೊಟ್ಟು ನೋಡಿ.