ಯಾವ ಟೈರ್ ಅನ್ನೋದು ಆಮೇಲೆ, ಮೊದಲು ಹಳೇ ಟೈರಿನ ಒಳಬದಿಗೆ ಕೈ ಹಾಕಿ ನೋಡಿ

ವಿರಾಜಪೇಟೆ ಕಡೆ ಮನೆ, ಏಳು ಸೀಟಿನ ಡೀಸೆಲ್ ಗಾಡಿ, 42 ಸಾವಿರ ಕಿಲೋಮೀಟರ್ ಓಡಿದ ಟೈರ್, ಕೆಸರಿನ ತೋಟದ ದಾರಿ. ಆಲ್ ಟೆರೇನ್ (ಕೆಸರು ದಾರಿಗೂ ಅಂತ ಮಾಡಿದ ದಪ್ಪ ಗ್ರಿಪ್ಪಿನ ಟೈರ್) ಹಾಕಿಸಲೋ ಹೈವೇ ಟೈರ್ ಹಾಕಿಸಲೋ ಅಂತ ಕೇಳಿದ್ದೀರಿ. ಕೊನೆಗೆ ಒಂದು ಸಾಲು: "ಗ್ಯಾರೇಜಿನವರು ಬುಷ್ ಹೋಗಿದೆ ಅನ್ನುತ್ತಾರೆ, ಅದನ್ನು ಮಳೆಗಾಲ ಕಳೆದ ಮೇಲೆ ಮಾಡಿಸಿದರೆ ಆಗುತ್ತದಾ?" ನಿಮ್ಮ ನಿಜವಾದ ಪ್ರಶ್ನೆ ಆ ಕೊನೇ ಸಾಲು. ಟೈರಿನದ್ದಲ್ಲ, ಬುಷ್ಷಿನದ್ದು, ಅಂದರೆ ಚಕ್ರ ಹಿಡಿದಿರುವ ಆರ್ಮ್ ಗಾಡಿಗೆ ಸೇರುವ ಕಡೆ ಇರುವ ರಬ್ಬರಿನದ್ದು. ನಾನೂ ನಿಮ್ಮ ಹಾಗೇ ತಲೆಕೆಳಗೆ ಯೋಚಿಸಿದ್ದೆ.

ನಮ್ಮದೂ ಕೊಡಗೇ, ಚೇರಂಬಾಣೆ ಕಡೆ. ಗಾಡಿಗೆ ಕಂಪನಿಯಿಂದ ಬಂದ ಟೈರ್ 48 ಸಾವಿರ ಓಡಿದ್ದವು. 2022ರ ನವೆಂಬರ್, ಕಾಫಿ ಕೊಯ್ಲು ಶುರುವಾಗುವ ಮೊದಲು ಕೈಯಲ್ಲಿ ಸ್ವಲ್ಪ ದುಡ್ಡಿತ್ತು, ನಾಲ್ಕೂ ಬದಲಾಯಿಸೋಣ ಅಂತ ಹೊರಟೆ. ಒಂದು ತಿಂಗಳು ರಾತ್ರಿ ಕೂತು ವಿಡಿಯೋ ನೋಡಿದ್ದೆ. ಯಾವ ಕಂಪನಿ, ಯಾವ ಮಾಡೆಲ್, ಎಷ್ಟು ಸದ್ದು ಮಾಡುತ್ತದೆ, ಎಲ್ಲ ಬಾಯಿಪಾಠ. ಹೆಂಡತಿ ಹೇಳಿದಳು, ಇಷ್ಟು ಓದಿದ್ದರೆ ಏನಾದರೂ ಪರೀಕ್ಷೆ ಪಾಸಾಗುತ್ತಿತ್ತು ಅಂತ.

ಟೈರ್ ಅಂಗಡಿಗೆ ಹೋಗುವ ಮೊದಲು ನಮ್ಮ ಹಳೇ ಗ್ಯಾರೇಜಿನ ಕಾಕನ ಹತ್ತಿರ ಆಯಿಲ್ ಬದಲಾಯಿಸಲು ನಿಲ್ಲಿಸಿದೆ. ಕಾಕ ಅಪ್ಪನ ಕಾಲದ ಜೀಪ್ ನೋಡಿದವರು. ಗಾಡಿ ಎತ್ತಿ, ಮುಂದಿನ ಎರಡೂ ಚಕ್ರದ ಒಳಬದಿ ಸವರಿದರು. ಆಮೇಲೆ ಒಂದು ಲಿವರ್ ತೂರಿಸಿ, ಚಕ್ರವನ್ನು ಗಾಡಿಗೆ ಜೋಡಿಸುವ ಲೋಯರ್ ಆರ್ಮ್ ಮೀಟಿ ತೋರಿಸಿದರು. ಅದರ ಬುಷ್ಷಿನ ರಬ್ಬರ್ ಹರಿದು ಬಾಯಿ ಬಿಟ್ಟಿತ್ತು. "ಮೋನೇ, ಎರಡೂ ಲೋಯರ್ ಆರ್ಮ್ ಹೋಗಿದೆ, ಲಿಂಕ್ ರಾಡೂ ಹೋಗಿದೆ. ಇದು ಮಾಡಿಸದೆ ಟೈರ್ ಹಾಕಬೇಡ" ಅಂದರು. 15,500 ರೂಪಾಯಿ ಲೆಕ್ಕ ಬರೆದುಕೊಟ್ಟರು.

ನನಗೆ ಅನಿಸಿದ್ದು ಏನು ಗೊತ್ತಾ? ಟೈರಿಗೆ 46 ಸಾವಿರ ಆಗಲೇ ಹೋಗ್ತಾ ಇದೆ, ಅದರ ಮೇಲೆ ಇದೊಂದು ಯಾಕೆ, ಗಾಡಿ ನೆಟ್ಟಗೇ ಓಡ್ತಾ ಇದೆಯಲ್ಲ. ಸ್ಟೀರಿಂಗ್ ಎಳೆಯುತ್ತಿರಲಿಲ್ಲ. ಗುಂಡಿಗೆ ಇಳಿದಾಗ ಸ್ವಲ್ಪ ಕಟಕಟ ಅನ್ನುತ್ತಿತ್ತು ಅಷ್ಟೇ, ನಮ್ಮ ರಸ್ತೆಯಲ್ಲಿ ಯಾವ ಗಾಡಿ ಅನ್ನುವುದಿಲ್ಲ ಹೇಳಿ. ಏಪ್ರಿಲ್ ಬರಲಿ, ಒಳ್ಳೆಮೆಣಸು ಮಾರಿದ ಮೇಲೆ ನೋಡೋಣ ಅಂದುಕೊಂಡೆ.

ಟೈರ್ ಅಂಗಡಿಯಲ್ಲಿ ನಾಲ್ಕು ಹೊಸದು ಹಾಕಿ, ಚಕ್ರ ನೆಟ್ಟಗಿದೆಯಾ ಅಂತ ಅಳೆದು ಸರಿಮಾಡುವ ಕಂಪ್ಯೂಟರ್ ಅಲೈನ್‌ಮೆಂಟ್ ಮಾಡಿ ಒಂದು ಕಾಗದ ಕೊಟ್ಟರು. ಎಲ್ಲ ಹಸಿರು. ಒಂದೇ ಒಂದು ಕೆಂಪು ಇಲ್ಲ. ನನಗೆ ಖುಷಿಯೋ ಖುಷಿ. ನಾಚಿಕೆಯ ವಿಷಯ, ಆದರೂ ಹೇಳ್ತೀನಿ: ಆ ಕಾಗದ ತಗೊಂಡು ಹೋಗಿ ಕಾಕನಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಚೆನ್ನಾಗಿದೆ" ಅಂದು ವಾಪಸ್ ಕೊಟ್ಟರು. ಅಷ್ಟೇ.

ಆ ಹಸಿರು ಕಾಗದ ನಂಬಿದ್ದೇ ನನ್ನ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾವ ವಿಡಿಯೋದಲ್ಲೂ ನನಗೆ ಯಾರೂ ಹೇಳಿರಲಿಲ್ಲ. ಅಲೈನ್‌ಮೆಂಟ್ ಮಷೀನು ಅಳೆಯುವುದು ನಿಂತ ಗಾಡಿಯನ್ನು. ನಿಮ್ಮ ತೋಟದ ಗೇಟಿನ ಕೀಲು ಸಡಿಲ ಆಗಿದೆ ಅಂದುಕೊಳ್ಳಿ. ಸುಮ್ನೆ ನಿಂತಾಗ ಗೇಟು ನೆಟ್ಟಗೇ ಕಾಣುತ್ತದೆ, ಮಟ್ಟಗೋಲು ಇಟ್ಟರೂ ಸರಿ ಇರುತ್ತದೆ. ತಳ್ಳಿದಾಗ ತಾನೇ ವಾಲುವುದು? ಚಕ್ರವೂ ಹಾಗೇ. ಲೋಯರ್ ಆರ್ಮನ್ನು ಗಾಡಿಯ ಅಡಿಭಾಗಕ್ಕೆ ಹಿಡಿದಿರುವುದು ಆ ರಬ್ಬರ್ ಬುಷ್. ಬ್ರೇಕ್ ಒತ್ತಿದಾಗ ಚಕ್ರ ಹಿಂದಕ್ಕೆ ತಳ್ಳುತ್ತದೆ, ಗಾಡಿ ಮುಂದಕ್ಕೆ ನೂಕುತ್ತದೆ, ನಡುವೆ ಸಿಕ್ಕಿಕೊಂಡು ಅದನ್ನೆಲ್ಲ ತಡೆಯುವುದು ಅದೇ. ರಬ್ಬರ್ ಹರಿದಿದ್ದರೆ ಬ್ರೇಕ್ ಒತ್ತಿದಾಗಲೆಲ್ಲ ಚಕ್ರ ಸ್ವಲ್ಪ ವಾರೆಯಾಗುತ್ತದೆ, ಬಿಟ್ಟಾಗ ಮತ್ತೆ ನೆಟ್ಟಗಾಗುತ್ತದೆ. ಬಯಲುಸೀಮೆಯವರಿಗೆ ಇದು ಅಷ್ಟು ಗೊತ್ತಾಗಲಿಕ್ಕಿಲ್ಲ. ನಾವು ಘಾಟಿಯವರು, ಇಳಿಯುವಾಗ ಅರ್ಧ ದಾರಿ ಬ್ರೇಕಿನ ಮೇಲೇ ಇರುತ್ತೇವೆ. ಚಕ್ರ ಬರೀ ಅರ್ಧ ಡಿಗ್ರಿ ವಾರೆಯಾಗಿ ಉರುಳಿದರೂ ಕಿಲೋಮೀಟರಿಗೆ ಸುಮಾರು 9 ಮೀಟರ್ ಅಡ್ಡಕ್ಕೆ ಉಜ್ಜಿದ ಹಾಗೆ ಆಗುತ್ತದೆ. ಮಡಿಕೇರಿ 1,100 ಮೀಟರಿಗಿಂತ ಎತ್ತರದಲ್ಲಿದೆ, ಸಂಪಾಜೆ ಊರು ಇರುವುದು ಘಾಟಿಯ ಬುಡದಲ್ಲಿ. ಅಷ್ಟೂ ಇಳಿಜಾರು ನನ್ನ ಹೊಸ ಟೈರನ್ನು ಉಪ್ಪುಕಾಗದಕ್ಕೆ ಹಿಡಿದ ಹಾಗೆ ಉಜ್ಜುತ್ತಾ ಹೋಗಿದೆ. ಅದೂ ಒಳಬದಿಯನ್ನು ಮಾತ್ರ.

ಒಳಬದಿ ನಮಗೆ ಕಾಣುವುದೇ ಇಲ್ಲ. ಗಾಡಿ ತೊಳೆಯುವಾಗ, ಗಾಳಿ ಹಿಡಿಸುವಾಗ, ಬಗ್ಗಿ ನೋಡಿದಾಗ ಕಾಣುವುದೆಲ್ಲ ಹೊರಗಿನ ಗ್ರಿಪ್. ಅದು ಹೊಸದರ ಹಾಗೇ ಇತ್ತು. ಎಂಟು ಹತ್ತು ಸಾವಿರಕ್ಕೊಮ್ಮೆ ಟೈರ್ ಹಿಂದೆಮುಂದೆ ಬದಲಾಯಿಸಬೇಕು, ಆಗ ಬಿಚ್ಚಿದವನ ಕಣ್ಣಿಗಾದರೂ ಬೀಳುತ್ತಿತ್ತು. ಅದನ್ನೂ ಮಾಡಿಸಲಿಲ್ಲ. ಏಪ್ರಿಲಿನಲ್ಲಿ ಮೆಣಸು ಮಾರಿದೆ, ದುಡ್ಡು ಮಗಳ ಫೀಸಿಗೆ ಹೋಯಿತು.

2023ರ ಜುಲೈ ಕೊನೆ, ನಮ್ಮ ಕಕ್ಕಡ ತಿಂಗಳ ಮಳೆ. ಅವ್ವನಿಗೆ ಕಣ್ಣಿನ ಆಪರೇಷನ್ ಆಗಿತ್ತು, ಚೆಕಪ್‌ಗೆ ಮಂಗಳೂರಿಗೆ ಹೊರಟಿದ್ದೆವು. ನಮ್ಮಲ್ಲಿ ಸ್ವಲ್ಪ ದೊಡ್ಡ ಕಾಯಿಲೆ ಅಂದರೆ ಮೈಸೂರು ಇಲ್ಲಾ ಮಂಗಳೂರು, ನಿಮಗೆ ಗೊತ್ತಲ್ಲ. ಅವ್ವ, ಹೆಂಡತಿ, ಇಬ್ಬರು ಮಕ್ಕಳು, ಹಿಂದೆ ಅತ್ತಿಗೆಗೆ ಕೊಡಲು ಒಂದು ಚೀಲ ಕಿತ್ತಳೆ ಗಿಡ. ಮದೆನಾಡು ದಾಟಿ ಇಳಿಯುತ್ತಿದ್ದೆ, ಜೋಡುಪಾಲ ಇನ್ನೂ ಬಂದಿರಲಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದ ಜಾಗ ಅದು, ಅಲ್ಲಿ ನಾನು ಯಾವತ್ತೂ ನಿಧಾನ. ಸೆಕೆಂಡ್ ಗೇರ್, 30ರ ಆಸುಪಾಸು. ಢಬ್ ಅಂತ ಒಂದು ಸದ್ದು. ಸ್ಟೀರಿಂಗ್ ಎಡಕ್ಕೆ ಕಿತ್ತುಕೊಂಡಿತು. ಎಡಗಡೆ ಧರೆ ಇತ್ತು, ಚರಂಡಿಗೆ ಚಕ್ರ ಇಳಿದು ನಿಂತಿತು. ಅದೇ ಎಡಗಡೆ ಪ್ರಪಾತ ಇರುವ ತಿರುವಾಗಿದ್ದರೆ ಈಗ ಈ ಉತ್ತರ ಬರೆಯುವವರು ಬೇರೆ ಯಾರೋ ಇರುತ್ತಿದ್ದರು.

ಇಳಿದು ನೋಡಿದರೆ ಎಡಗಡೆ ಮುಂದಿನ ಟೈರ್ ಒಳಬದಿಯಲ್ಲಿ ಸೀಳಿಹೋಗಿದೆ. ತಂತಿ ಹೊರಗೆ ಬಂದಿದೆ. ಹೊರಬದಿಯಲ್ಲಿ ಗ್ರಿಪ್ ಬೆರಳು ಹೂಳುವಷ್ಟಿದೆ! ಒಂದೇ ಟೈರಿನಲ್ಲಿ ಒಂದು ಕಡೆ ಹೊಸದು, ಒಂದು ಕಡೆ ಬೋಳು. ಬರೀ 11 ಸಾವಿರ ಕಿಲೋಮೀಟರ್ ಓಡಿತ್ತು ಅಷ್ಟೇ.

ಆಮೇಲಿನದ್ದು ಬೇರೆ ಕಥೆ. ಸ್ಟೆಪ್ನಿ ಗಾಡಿಯ ಅಡಿಯಲ್ಲಿ ಕೇಬಲಿಗೆ ತೂಗಿರುತ್ತದೆ, ರಾಡ್ ಹಾಕಿ ತಿರುಗಿಸಿ ಇಳಿಸಬೇಕು. ಗಾಡಿ ತಗೊಂಡ ಮೇಲೆ ಒಂದು ದಿನವೂ ಇಳಿಸಿರಲಿಲ್ಲ, ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಜಾಕಿ ಕೆಸರಿನಲ್ಲಿ ಹೂತುಹೋಗುತ್ತಿತ್ತು. ಕಾಲು ತುಂಬ ಜಿಗಣೆ. ಫೋನಿಗೆ ಸಿಗ್ನಲ್ ಇಲ್ಲ. ಕೊನೆಗೆ ಒಂದು ಪಿಕಪ್‌ನವರು ನಿಲ್ಲಿಸಿ, ಅವರ ಹತ್ತಿರ ಇದ್ದ ಹಲಗೆ ಜಾಕಿ ಅಡಿಗೆ ಇಟ್ಟು, ಸ್ಟೆಪ್ನಿಯನ್ನು ಒದ್ದೂ ಒದ್ದೂ ಕೆಳಗೆ ಬೀಳಿಸಿದರು. ಅವ್ವ ಒಂದು ಕಣ್ಣಿಗೆ ಕಪ್ಪು ಕನ್ನಡಕ ಇಟ್ಟುಕೊಂಡು ಒಳಗೆ ಕೂತು, "ಕಾಕ ಹೇಳಿದ್ದರಂತಲ್ಲ" ಅಂದರು. ಹೆಂಡತಿ ಹೇಳಿಬಿಟ್ಟಿದ್ದಾಳೆ.

ಲೆಕ್ಕ ಕೇಳಿ. ಮುಂದಿನ ಎರಡು ಟೈರ್ ಮತ್ತೆ ಹೊಸದು, 24 ಸಾವಿರ. ಚರಂಡಿಗೆ ಬಡಿದು ಸೊಟ್ಟಗಾದ ಅಲಾಯ್ ಬದಲಿಗೆ 9,500. ಲೋಯರ್ ಆರ್ಮ್ ಎಲ್ಲ ಸೇರಿ ಅಷ್ಟರಲ್ಲಿ 17,500 ಆಗಿತ್ತು. 15,500 ಉಳಿಸಲು ಹೋಗಿ 51 ಸಾವಿರ.

ಈಗ ನಿಮ್ಮ ವಿಷಯ. ಬುಷ್ ಮೊದಲು, ಟೈರ್ ಆಮೇಲೆ, ಅಲೈನ್‌ಮೆಂಟ್ ಕೊನೆಗೆ. ಈ ಸಾಲು ಬದಲಾಯಿಸಬೇಡಿ. ದುಡ್ಡು ಒಂದಕ್ಕೇ ಸಾಲುವುದಾದರೆ ಬುಷ್ ಮಾಡಿಸಿ, ಹಳೇ ಟೈರಿನಲ್ಲಿ ಗ್ರಿಪ್ ಉಳಿದಿದ್ದರೆ ಅದರಲ್ಲೇ ಸ್ವಲ್ಪ ದಿನ ಓಡಿಸಿ. ಗ್ರಿಪ್ ನಡುವಿನ ಸಾಲಿನಲ್ಲಿ ಸಣ್ಣ ರಬ್ಬರ್ ದಿಣ್ಣೆಗಳು ಇರುತ್ತವೆ ನೋಡಿ, ಅವು 1.6 ಮಿಲಿಮೀಟರ್ ಎತ್ತರ. ಟೈರ್ ಅಲ್ಲಿಗೆ ಸವೆದರೆ ಮುಗಿಯಿತು ಅಂತ ಲೆಕ್ಕ. ಕೊಡಗಿನ ಮಳೆಗೆ ಅಲ್ಲಿಯ ತನಕ ಕಾಯುವುದು ಹುಚ್ಚು ಅಂತ ನನ್ನ ಅಭಿಪ್ರಾಯ. ನಾನು 3 ಮಿಲಿಮೀಟರಿಗೇ ಬದಲಾಯಿಸುತ್ತೇನೆ, ಅದೂ ಮೇ ತಿಂಗಳ ಒಳಗೆ. ಗ್ರಿಪ್ಪಿನ ಆಳ ಕಮ್ಮಿಯಾದರೆ ನೀರು ಹೊರಗೆ ಹೋಗಲು ಜಾಗ ಇರುವುದಿಲ್ಲ, ಟೈರ್ ನೀರಿನ ಮೇಲೆ ತೇಲುತ್ತದೆ.

ಆಲ್ ಟೆರೇನ್ ಬೇಡ. ನಿಮ್ಮ ಗಾಡಿಗೆ ಮುಂದಿನ ಎರಡು ಚಕ್ರಕ್ಕೆ ಮಾತ್ರ ಎಳೆತ ಅಂತ ನೀವೇ ಬರೆದಿದ್ದೀರಿ. ಎಂಥ ಟೈರ್ ಹಾಕಿದರೂ ಅದು ಜೀಪ್ ಆಗುವುದಿಲ್ಲ. ನಮ್ಮ ತೋಟದ ಕೆಂಪು ಅಂಟುಮಣ್ಣು ಆ ದಪ್ಪ ಗ್ರಿಪ್ ಸಂದಿಗೂ ತುಂಬಿಕೊಳ್ಳುತ್ತದೆ, ಆಮೇಲೆ ಅದೂ ಬೋಳು ಟೈರೇ. ತೋಟದೊಳಗಿನ ಎರಡು ಕಿಲೋಮೀಟರಿಗೋಸ್ಕರ ವರ್ಷವಿಡೀ ಒದ್ದೆ ಟಾರು ರಸ್ತೆಯಲ್ಲಿ, ಮಾಕುಟ್ಟ ಘಾಟಿಯಲ್ಲಿ, ಜಾಸ್ತಿ ಸದ್ದು ಮಾಡುವ, ಜಾಸ್ತಿ ಡೀಸೆಲ್ ಕುಡಿಯುವ, ಬ್ರೇಕ್ ಹಾಕಿದರೆ ಸಾಮಾನ್ಯವಾಗಿ ಇನ್ನೂ ಸ್ವಲ್ಪ ಮುಂದೆ ಹೋಗಿ ನಿಲ್ಲುವ ಟೈರ್ ಯಾಕೆ? ಮಳೆಗಾಲದ ಎರಡು ತಿಂಗಳು ಗಾಡಿಯನ್ನು ಗೇಟಿನ ಹತ್ತಿರ ನಿಲ್ಲಿಸಿ. ಒಳಗೆ ಹೋಗಲು ಜೀಪ್ ಇದೆ, ಕಾಲೂ ಇದೆ. ಆಲ್ ಟೆರೇನ್ ಹಾಕಿದ ಗಾಡಿ ನೋಡಲು ಚೆಂದ, ಅದು ನಿಜ. ನನಗೂ ಆಸೆ ಇತ್ತು.

ಕಂಪನಿ ಹೆಸರು ಕೇಳಬೇಡಿ, ಹೆಸರಿದ್ದ ನಾಲ್ಕೈದರಲ್ಲಿ ಯಾವುದಾದರೂ ಆಗುತ್ತದೆ. ಟೈರಿನ ಮೇಲಿನ ಬರಹ ಮಾತ್ರ ಓದಿ. ನನ್ನದು 235/65 ಆರ್ 17, ಅದರ ಮುಂದೆ 104. ಆ 104 ಅಂದರೆ ಒಂದು ಟೈರ್ 900 ಕಿಲೋ ಹೊರುತ್ತದೆ ಅಂತ. ಏಳು ಜನ ಕೂರಿಸುವ ಗಾಡಿಗೆ ಕಂಪನಿ ಕೊಟ್ಟ ನಂಬರಿಗಿಂತ ಕಮ್ಮಿ ಹಾಕಿಸಬೇಡಿ, ಅಂಗಡಿಯವರು "ಇದೂ ಒಂದೇ ಸೈಜ್ ಸಾರ್" ಅಂದರೂ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2324 ಅಂದರೆ 2024ರ 23ನೇ ವಾರ ತಯಾರಾದದ್ದು. ಎರಡು ವರ್ಷ ಗೋಡೌನಿನಲ್ಲಿ ಕೂತ ಮಾಲನ್ನು ಆಫರ್ ಅಂತ ಕೊಟ್ಟರೆ ಬೇಡ ಅನ್ನಿ.

ಎರಡೇ ಹಾಕಿಸುವುದಾದರೆ ಹೊಸದು ಹಿಂದಕ್ಕೆ. ಇಲ್ಲಿ ಎಲ್ಲರೂ ಜಗಳಕ್ಕೆ ಬರುತ್ತಾರೆ, ಮುಂದಿನ ಚಕ್ರ ಎಳೆಯುವುದಲ್ವಾ, ಹೊಸದು ಮುಂದೆ ಇರಬೇಕು ಅಂತ. ಒದ್ದೆ ತಿರುವಿನಲ್ಲಿ ಮುಂದಿನದ್ದು ಜಾರಿದರೆ ಗಾಡಿ ನೇರ ಹೋಗುತ್ತದೆ, ನಿಮಗೆ ಗೊತ್ತಾಗುತ್ತದೆ, ಕಾಲು ತೆಗೆಯುತ್ತೀರಿ. ಹಿಂದಿನದ್ದು ಜಾರಿದರೆ ಗಾಡಿ ಗಿರ್ರನೆ ತಿರುಗುತ್ತದೆ. ಏನು ಮಾಡಬೇಕು ಅಂತ ಯೋಚಿಸುವಷ್ಟು ಹೊತ್ತೂ ಸಿಗುವುದಿಲ್ಲ. ಕಾಕನೂ ಇದನ್ನು ಒಪ್ಪುವುದಿಲ್ಲ, ಇದೊಂದರಲ್ಲಿ ನಾನು ಅವರ ಮಾತು ಕೇಳಿಲ್ಲ.

ಗಾಳಿ ಎಷ್ಟು ಅಂತ ಡ್ರೈವರ್ ಬಾಗಿಲಿನ ಹತ್ತಿರ ಸ್ಟಿಕ್ಕರ್ ಇರುತ್ತದೆ, ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಅಷ್ಟೇ ಹಿಡಿಸಿ. ಸ್ಟೆಪ್ನಿಗೂ. ಮತ್ತೆ ಈ ಭಾನುವಾರವೇ ಆ ಸ್ಟೆಪ್ನಿ ಒಮ್ಮೆ ಇಳಿಸಿ, ಗ್ರೀಸ್ ಹಚ್ಚಿ ಮೇಲೇರಿಸಿ. ಡಿಕ್ಕಿಯಲ್ಲಿ ಒಂದು ಹಲಗೆ ಇರಲಿ.

ಬುಷ್ ಬಗ್ಗೆ ಗ್ಯಾರೇಜಿನವರ ಮಾತು ನಂಬಲು ಕಷ್ಟ ಅಂದರೆ ನೀವೇ ನೋಡಬಹುದು. ಎಂಜಿನ್ ಆಫ್ ಮಾಡುವ ಮೊದಲು ಸ್ಟೀರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ. ಇಳಿದು ಟೈರಿನ ಒಳಬದಿಯ ಅಂಚಿನಲ್ಲಿ ಅಂಗೈ ಹಾಕಿ ಒಳಗಿಂದ ಹೊರಗೆ, ಹೊರಗಿಂದ ಒಳಗೆ ಸವರಿ, ತಂತಿ ಇದ್ದರೆ ಚುಚ್ಚುತ್ತದೆ, ಹುಷಾರು. ಒಂದು ಕಡೆಗೆ ನುಣ್ಣಗೆ, ಇನ್ನೊಂದು ಕಡೆಗೆ ಗರಗಸದ ಹಾಗೆ ತಾಗಿದರೆ ಟೈರ್ ಅಡ್ಡಕ್ಕೆ ಉಜ್ಜುತ್ತಿದೆ ಅಂತ ಅರ್ಥ. ಕೈಗೆ ಏನು ಸಿಕ್ಕಿತು ಅಂತ ಇಲ್ಲೇ ಬರೆಯಿರಿ, ಒಂದು ಫೋಟೋ ಕೂಡ ಹಾಕಿ. ಒಳಬದಿಯದ್ದು. ಹೊರಗಿನ ಫೋಟೋ ಬೇಡ.