ನಿಮ್ಮ ಲೇಖನ, ಮತ್ತು 'ವಂಶ' ಎಂಬ ಎರಡಕ್ಷರ

ನಮಸ್ಕಾರ.

ಮಕ್ಕಳ ಮಿದುಳಿನ ಗಡ್ಡೆಯ ಬಗ್ಗೆ ನೀವು ಕಳಿಸಿದ 'ಅಮ್ಮನಿಂದ ಬಂದ ಗಡ್ಡೆ' ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲಾರೆ. ತಿದ್ದಿ ಕಳಿಸಿದರೆ ಖಂಡಿತ ನೋಡುತ್ತೇನೆ. ಮೊದಲ ಪ್ಯಾರಾ ಅಷ್ಟು ಚೆನ್ನಾಗಿದೆ: ಬೆಳಿಗ್ಗೆ ಎದ್ದ ಕೂಡಲೇ ವಾಂತಿ, ಗೋಡೆ ಹಿಡಿದು ನಡೆಯುವ ಆರು ವರ್ಷದ ಹುಡುಗ, ಹೊಟ್ಟೆ ಕೆಟ್ಟಿರಬೇಕೆಂದು ಜೀರಿಗೆ ಕಷಾಯ ಕುಡಿಸುವ ಅಜ್ಜಿ. ಮೆಡುಲ್ಲೊಬ್ಲಾಸ್ಟೊಮಾ ಎಂಬ ಕಿರುಮಿದುಳಿನ ಕ್ಯಾನ್ಸರ್ ಗಡ್ಡೆ ಎಷ್ಟೋ ಮನೆಗಳಲ್ಲಿ ಹೀಗೇ ಶುರುವಾಗುತ್ತದೆ. ಅದನ್ನು ಮುಟ್ಟಬೇಡಿ.

ಕೆಟ್ಟಿರುವುದು ಎರಡನೇ ಪ್ಯಾರಾ. 'ಗಡ್ಡೆಯಲ್ಲಿ ವಂಶವಾಹಿ ದೋಷ ಕಂಡುಬಂತು' ಎಂದವರು ಮರುಸಾಲಿನಲ್ಲೇ 'ಹಾಗಾಗಿ ಇದು ತಾಯಿಯ ಕಡೆಯಿಂದ ಬಂದದ್ದು' ಎನ್ನುತ್ತೀರಿ. ಆ 'ಹಾಗಾಗಿ' ಎಲ್ಲಿಂದ ಬಂತು? ವಂಶವಾಹಿ ಎಂಬ ಪದದೊಳಗೆ ಕೂತಿರುವ 'ವಂಶ' ನಿಮ್ಮ ದಾರಿ ತಪ್ಪಿಸಿದೆ. (ನಾನೂ ಅಲ್ಲೇ ಎಡವಿದವನು.) ಈ ಗಡ್ಡೆಗಳಲ್ಲಿ ಸಿಗುವ ಬಹುಪಾಲು ದೋಷಗಳು ಗಡ್ಡೆಯ ಕೋಶಗಳಲ್ಲಿ ಮಾತ್ರ ಇರುತ್ತವೆ. ಮಗುವಿನ ರಕ್ತದಲ್ಲಿ ಹುಡುಕಿದರೆ ಸಿಗುವುದಿಲ್ಲ, ಅಪ್ಪ ಅಮ್ಮನಲ್ಲೂ ಇಲ್ಲ. ಜೀನ್ ಎಂದೇ ಬರೆಯಿರಿ, ಓದುಗರಿಗೆ ಗೊತ್ತು. ನಿಮ್ಮ ಲೇಖನವನ್ನು ಯಾರೋ ಅತ್ತೆ ಸೊಸೆಯ ಮುಂದೆ ಹಿಡಿದು 'ನೋಡು, ಬರೆದಿದ್ದಾರೆ' ಅಂದರೆ ನಾವಿಬ್ಬರೂ ಏನು ಉತ್ತರ ಕೊಡೋಣ?

ಹಾಗಂತ ವಂಶದ ಮಾತನ್ನು ಪೂರ್ತಿ ಹೊಡೆದುಹಾಕಲೂ ಬೇಡಿ. ಮೆಡುಲ್ಲೊಬ್ಲಾಸ್ಟೊಮಾದಲ್ಲಿ ಮುಖ್ಯವಾಗಿ 4 ಬಗೆ: ವಿಂಟ್, ಸಾನಿಕ್ ಹೆಡ್ಜ್‌ಹಾಗ್ (ಇವೆರಡೂ ಕೋಶದ ಸಂಕೇತ ಸಾಗುವ ದಾರಿಗಳ ಹೆಸರು), ಗುಂಪು 3, ಗುಂಪು 4. ವಿಂಟ್ ಬಗೆಯಾದರೆ ಚಿಕಿತ್ಸೆ ಪಡೆದ ಮಕ್ಕಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿ ಉಳಿಯುತ್ತಾರೆ. ನೀವು ನಾಲ್ಕನ್ನೂ ಒಂದೇ ಕತ್ತಲಲ್ಲಿ ನಿಲ್ಲಿಸಿದ್ದೀರಿ. ಹೆಡ್ಜ್‌ಹಾಗ್ ಬಗೆಯಲ್ಲಿ ಕೆಲವು ಮಕ್ಕಳಿಗೆ ಪಿಟಿಸಿಎಚ್1 ಅಥವಾ ಟಿಪಿ53 ಜೀನಿನ ದೋಷ ಹುಟ್ಟಿನಿಂದಲೇ ಇರುತ್ತದೆ. ಅದು ಅಪ್ಪನಿಂದಲೂ ಬಂದಿರಬಹುದು, ಮಗುವಿನಲ್ಲೇ ಹೊಸದಾಗಿಯೂ ಆಗಿರಬಹುದು. ರಕ್ತದ ಜೀನ್ ಪರೀಕ್ಷೆ ಮಾಡಿಸುವುದು ಯಾರ ಕಡೆಯದೆಂದು ಪತ್ತೆ ಹಚ್ಚಲಿಕ್ಕಲ್ಲ. ಪಿಟಿಸಿಎಚ್1 ದೋಷ ಹೊತ್ತು ಹುಟ್ಟಿದ ಮಗುವಿಗೆ ವಿಕಿರಣ ಕೊಟ್ಟರೆ, ಕಿರಣ ಬಿದ್ದ ಜಾಗದ ಚರ್ಮದಲ್ಲೇ ಮುಂದೆ ಕ್ಯಾನ್ಸರ್ ಏಳಬಹುದು. ಚಿಕಿತ್ಸೆಯ ಲೆಕ್ಕಾಚಾರವೇ ಬದಲಾಗುತ್ತದೆ. ಲೇಖನದ ಜೀವ ಇರುವುದು ಇಲ್ಲಿ, ನೀವು ಇದಕ್ಕೆ ಒಂದು ಸಾಲೂ ಕೊಟ್ಟಿಲ್ಲ.

ಮೊಬೈಲ್ ಟವರಿನ ಪ್ಯಾರಾ, 'ವಿಧಿಯಾಟ', ಕೊನೆಯ ಕವನ ಮೂರೂ ಹೋಗಲಿ. 1,200 ಪದ ಸಾಕು. ಬರೆದಾದ ಮೇಲೆ ಮಕ್ಕಳ ಕ್ಯಾನ್ಸರ್ ನೋಡುವ ವೈದ್ಯರೊಬ್ಬರಿಗೆ ಓದಿಸಿ, ಆಮೇಲೆ ಕಳಿಸಿ. ತಲೆಬರಹ ಮಾತ್ರ ಈಗಲೇ ಹರಿದುಹಾಕಿ.

— ಸಂಪಾದಕ