ಗಿರೀಶ್ ಕಾಸರವಳ್ಳಿಯವರ ಶೈಲಿಯ ವಿಶೇಷವೇನು?

ಮಲೆನಾಡಿನಲ್ಲಿ 1950ರಲ್ಲಿ ಹುಟ್ಟಿ, ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಕಲಿತ ನಿರ್ದೇಶಕ ಕಾಸರವಳ್ಳಿಯವರಿಗೆ ಮೊದಲ ಚಿತ್ರ ‘ಘಟಶ್ರಾದ್ಧ’ವೇ (1977) ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ರಾಷ್ಟ್ರಪ್ರಶಸ್ತಿಯಾದ ಸ್ವರ್ಣಕಮಲವನ್ನು ತಂದಿತು, ಮುಂದೆ ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ಗಳಿಗೂ ಅದೇ ಗೌರವ ಸಂದಿತು. ಅವರು ಹೆಚ್ಚಾಗಿ ಕನ್ನಡದ ಕಥೆ, ಕಾದಂಬರಿಗಳನ್ನೇ ಆರಿಸಿಕೊಂಡರೂ ಅವುಗಳನ್ನು ಇದ್ದಂತೆಯೇ ಚಿತ್ರಿಸದೆ, ತಮ್ಮ ಓದಿಗೆ ತಕ್ಕಂತೆ ಮರಳಿ ಕಟ್ಟುತ್ತಾರೆ.

ನನ್ನ ಮಟ್ಟಿಗೆ ಅವರ ಶೈಲಿಯ ಸಾರವೆಲ್ಲ ‘ದ್ವೀಪ’ದಲ್ಲಿದೆ. ಅಣೆಕಟ್ಟಿನ ಹಿನ್ನೀರು ಏರುತ್ತಿದ್ದರೂ ನೆಲ ಬಿಡಲೊಪ್ಪದ ಕುಟುಂಬದ ಆತಂಕವನ್ನು ಅಲ್ಲಿ ಮಾತಿಗಿಂತ ಹೆಚ್ಚಾಗಿ ಎಡೆಬಿಡದ ಮಳೆ, ಮಬ್ಬು ಬೆಳಕು ಮತ್ತು ಅವಸರವಿಲ್ಲದ ದೃಶ್ಯಗಳು ಹೇಳುತ್ತವೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆ ತೊರೆದವರನ್ನು ಕಣ್ಣಾರೆ ಕಂಡ ಕೊಡಗಿನವರಿಗೆ ಈ ಮಳೆ ಬರಿಯ ಹಿನ್ನೆಲೆಯಾಗಿ ಕಾಣುವುದಿಲ್ಲ. ಮನೆಯನ್ನು ಉಳಿಸಿಕೊಳ್ಳಲು ಹೆಣಗುವ, ಆ ಕುಟುಂಬದ ಸೊಸೆ ನಾಗಿಯ ದುಡಿಮೆಯನ್ನು ಮನೆಯವರೇ ಗುರುತಿಸದ ನೋವನ್ನು ಕಾಸರವಳ್ಳಿಯವರು ಅಬ್ಬರವಿಲ್ಲದೆ ತೋರಿಸುತ್ತಾರೆ.